ಜಾಮೀನು ಸಿಕ್ಕಿದೆ, ಖುಲಾಸೆ ಆಗಿಲ್ಲ

ಗಂಗಾವತಿಯಿಂದ ಬರೆದ ಓದುಗರೇ, ನಮಸ್ಕಾರ.

‘ಬಿಟ್ಟೇಬಿಟ್ಟರು’ ಅನ್ನೋ ಮಾತಿನ ಕೆಳಗೆ ಪೆನ್ನು ಒತ್ತಿ ಎರಡು ಗೆರೆ ಎಳೆದಿದ್ದೀರಿ, ಹಾಳೆಯ ಹಿಂದೆಯೂ ಗುರುತು ಮೂಡಿದೆ. ಮರಕುಂಬಿಯಲ್ಲಿ ದಲಿತರ ಗುಡಿಸಲು ಸುಟ್ಟ ಕೇಸಿನಲ್ಲಿ 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ನವೆಂಬರ್‌ನಲ್ಲಿ ಧಾರವಾಡದ ಹೈಕೋರ್ಟ್ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು, ಹಾಗಾದರೆ ಕೆಳಗಿನ ಕೋರ್ಟಿನ ತೀರ್ಪಿಗೆ ಬೆಲೆಯೇ ಇಲ್ವಾ ಅಂತ ಕೇಳಿದ್ದೀರಿ.

ಸಿಟ್ಟು ಬರುವುದು ಸಹಜ. ಆ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್‌ನಲ್ಲಿ. ತೀರ್ಪಿಗೆ ಹತ್ತು ವರ್ಷ ಕಾದವರಿಗೆ ಆ ಸಮಾಧಾನ ಒಂದು ತಿಂಗಳೂ ಉಳಿಯಲಿಲ್ಲ.

ಆದರೆ ತೀರ್ಪು ರದ್ದಾಗಿಲ್ಲ. ಮೇಲ್ಮನವಿ ಮುಗಿಯುವ ತನಕ ಶಿಕ್ಷೆಗೆ ತಡೆ, ಅಷ್ಟೇ. ಮೇಲ್ಮನವಿ ಬಿದ್ದುಹೋದರೆ ಅವರು ಮತ್ತೆ ಜೈಲಿಗೆ ಹೋಗಲೇಬೇಕು.

ಧಾರವಾಡದಲ್ಲಿ ಸಾಕ್ಷಿಗಳನ್ನು ಸಾಮಾನ್ಯವಾಗಿ ಮತ್ತೆ ಕಟಕಟೆಗೆ ಕರೆಯುವುದಿಲ್ಲ. ಕೊಪ್ಪಳದಲ್ಲಿ ಅವರು ಹೇಳಿದ್ದು ಟೈಪ್ ಆಗಿ ಕಡತದಲ್ಲಿರುತ್ತದೆ, ನ್ಯಾಯಮೂರ್ತಿಗಳು ಅದನ್ನೇ ಓದುತ್ತಾರೆ. ಸುಟ್ಟ ಮನೆಯ ಬಗ್ಗೆ ಹೇಳುತ್ತಾ ಒಬ್ಬಾಕೆ ನಡುವೆ ಸುಮ್ಮನಾಗಿಬಿಟ್ಟರೆ, ಆ ಮೌನ ಹಾಳೆಗೆ ಬರುವುದಿಲ್ಲ. ಅದನ್ನು ಕಂಡವರು ಕೆಳಗಿನ ನ್ಯಾಯಾಧೀಶರು. ಅದಕ್ಕೇ ಸಾಕ್ಷಿಯನ್ನು ನಂಬಬಹುದಾ ಅನ್ನುವ ವಿಷಯದಲ್ಲಿ ಅವರ ಮಾತಿಗೆ ಮೇಲಿನವರು ತೂಕ ಕೊಡುತ್ತಾರೆ. ಹಾಗಂತ ಕಣ್ಣುಮುಚ್ಚಿ ಒಪ್ಪುವುದಿಲ್ಲ. ಇಷ್ಟು ಜನರ ಗುಂಪಿನಲ್ಲಿ ಯಾರನ್ನು ಯಾರು ಗುರುತಿಸಿದರು, ಸುಮ್ನೆ ನೋಡುತ್ತಾ ನಿಂತವರ ಹೆಸರೂ ಸೇರಿಕೊಂಡಿದೆಯಾ ಅಂತ ಒಬ್ಬೊಬ್ಬರದ್ದೂ ನೋಡಬೇಕು. ಇದು ಆಗಲೇಬೇಕಾದ ಕೆಲಸ ಅಂತ ನಾನು ನಂಬಿದ್ದೇನೆ. ಈ ಪರೀಕ್ಷೆ ದಾಟಿ ಉಳಿದ ತೀರ್ಪು ಜಾಸ್ತಿ ಗಟ್ಟಿ, ಅಲ್ವಾ?

ನನ್ನ ಚಿಂತೆ ಬೇರೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಪ್ರಕಾರ ಜಾಮೀನಿರಲಿ, ಶಿಕ್ಷೆಯಿರಲಿ, ನೊಂದವರ ಮಾತನ್ನೂ ಕೋರ್ಟ್ ಕೇಳಬೇಕು. ಹಕ್ಕೇನೋ ಇದೆ. ಆದರೆ ದಿನಗೂಲಿ ಬಿಟ್ಟು, ಬಸ್ಸು ಬದಲಿಸಿ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ಎಷ್ಟು ಸಲ ಹೋಗಲು ಸಾಧ್ಯ? ಅವರ ಪರವಾಗಿ ಅಲ್ಲಿ ನಿಲ್ಲುವ ವಕೀಲರು ಬೇಕು. ಪರಿಶಿಷ್ಟರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಅದಕ್ಕೆ ಆದಾಯದ ಮಿತಿಯೂ ಇಲ್ಲ.

ಮರಕುಂಬಿ ನಿಮ್ಮದೇ ತಾಲ್ಲೂಕು. ಒಮ್ಮೆ ಹೋಗಿ, ನೋಟಿಸ್ ಬಂದಿದೆಯಾ, ವಕೀಲರು ಸಿಕ್ಕಿದ್ದಾರಾ ಕೇಳಿ. ಅವರು ಹೇಳಿದ್ದನ್ನು ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ