ಲಾಕ್‌ಡೌನ್‌ನಲ್ಲಿ ಒಂದು ವಾರ ಹೆಣಿಗೆ, ಓದು ಎರಡೂ ಒಟ್ಟಿಗೆ ಆಗುತ್ತಾ?

ಆಗುತ್ತದೆ. ಒಂದು ವಾರ ಮನೆಯಲ್ಲೇ ಕೂತರೆ ಸ್ವೆಟರ್ ಹೆಣೆಯುತ್ತಾ ಕಾದಂಬರಿ ಓದಬಹುದಾ ಅಂತ ಕೇಳಿದ್ದೀರಿ. ಸ್ವೆಟರ್ ಬೇಡ, ಮಫ್ಲರ್ ಹೆಣೆಯಿರಿ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನನ್ನ ಓದೆಲ್ಲ ಲೋಕಲ್ ಟ್ರೇನಲ್ಲೇ ನಡೆಯುತ್ತಿತ್ತು. 2020ರ ಮಾರ್ಚ್‌ನಲ್ಲಿ ಟ್ರೇನ್ ನಿಂತಿತು, ಆಮೇಲೆ 21 ದಿನ ಯಾರೂ ಹೊರಗೆ ಬರಬೇಡಿ ಅಂದರು. ಕಡ್ಡಿ ಕೈಗೆತ್ತಿಕೊಂಡದ್ದು ಆಗಲೇ. ಲೇಡೀಸ್ ಡಬ್ಬಿಯಲ್ಲಿ ಒಬ್ಬರು ಬಟಾಣಿ ಸುಲಿಯುತ್ತಿದ್ದರೆ ಪಕ್ಕದವರು ಹೆಣೆಯುತ್ತಿರುತ್ತಾರೆ, ಅವರು ಕೈ ಕಡೆ ನೋಡುವುದೇ ಇಲ್ಲ, ಗಮನಿಸಿದ್ದೀರಾ?

ಗುಟ್ಟೇನೂ ಇಲ್ಲ. ಎಲ್ಲಾ ಸಾಲೂ ಸೀದಾ (ದಾರ ಹಿಂದಿಟ್ಟು ಹಾಕುವ ಮಾಮೂಲಿ ಕುಣಿಕೆ) ಹೆಣೆಯಿರಿ. ಒಂದು ಸಾಲು ಸೀದಾ, ಒಂದು ಉಲ್ಟಾ (ದಾರ ಮುಂದಿಟ್ಟು ಹಾಕುವುದು) ಮಾಡಿದರೆ ನೋಡಲು ಚೆಂದ, ಆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಯಾವ ಸಾಲಿನಲ್ಲಿದ್ದೇನೆ ಅಂತ ನೆನಪಿಡಲೂ ಬೇಕು. ಪೂರ್ತಿ ಸೀದಾದಲ್ಲಿ ಆ ತಲೆನೋವಿಲ್ಲ. ಎರಡು ಸಾಲಿಗೊಂದು ಏಣು ಮೂಡುತ್ತದೆ, ಬೇಕಾದಾಗ ಅದನ್ನು ಎಣಿಸಿದರಾಯಿತು. ನಂಬರ್ 8, ಅಂದರೆ 4 ಮಿಲಿಮೀಟರ್ ಕಡ್ಡಿ, ನಲವತ್ತು ಕುಣಿಕೆ ಸಾಕು. ಪತ್ತೇದಾರಿ ಕಥೆ ಮಾತ್ರ ಬೇಡ. ಕೊಲೆ ಯಾರು ಮಾಡಿದ್ದು ಅಂತ ಗೊತ್ತಾಗುವ ಹೊತ್ತಿಗೆ ಕೈ ತಾನಾಗಿ ಬಿಗಿಯಾಗುತ್ತದೆ. ಕೊಲೆಗಾರ ಸಿಕ್ಕಿಬಿದ್ದ ಜಾಗ ನನ್ನ ಮಫ್ಲರಿನಲ್ಲಿ ಈಗಲೂ ಒಳಕ್ಕೆ ಸರಿದಿದೆ.

ಅಂಗಡಿ ಮುಚ್ಚಿದ್ದರೆ ಉಲ್ಲನ್ ಎಲ್ಲಿಂದ? ನಾವು ಅತ್ತೆ ಧಾರವಾಡದಿಂದ ತಂದಿದ್ದ ಸ್ವೆಟರ್ ಬಿಚ್ಚಿದೆವು (ಇಲ್ಲಿ ಸ್ವೆಟರ್ ಹಾಕುವಷ್ಟು ಚಳಿ ಎಲ್ಲಿದೆ ಹೇಳಿ). ಕೈಯಲ್ಲಿ ಹೆಣೆದದ್ದೇ ಆಗಬೇಕು. ಬಟ್ಟೆ ಥರ ಕತ್ತರಿಸಿ ಹೊಲಿದ ರೆಡಿಮೇಡ್ ಆದರೆ ತುಂಡು ತುಂಡು ದಾರ ಬರುತ್ತದೆ, ಅಷ್ಟೇ. ಮೊದಲು ಪಕ್ಕದ ಹೊಲಿಗೆ ಬಿಚ್ಚಿ, ಆಮೇಲೆ ಹೆಣಿಗೆ ಮುಗಿದ ತುದಿ, ಸಾಮಾನ್ಯವಾಗಿ ಕುತ್ತಿಗೆ ಕಡೆಯದು, ಹಿಡಿದು ಎಳೆಯಿರಿ. ದಾರ ಮ್ಯಾಗಿ ಥರ ಗುಂಗುರಾಗಿ ಬರುತ್ತದೆ. ಹಾಗೇ ಹೆಣೆದರೆ ಸಾಲು ಏರುಪೇರು. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಉಜ್ಜದೆ ನೀರು ಹಿಂಡಿ, ಕೆಳಗೊಂದು ಸಣ್ಣ ಭಾರ ಕಟ್ಟಿ ನೇತುಹಾಕಿ. ಒಣಗುವಾಗ ನೆಟ್ಟಗಾಗುತ್ತದೆ. ಅತ್ತೆ ಒಂದು ಮಧ್ಯಾಹ್ನ ಮುಖ ಊದಿಸಿಕೊಂಡಿದ್ದರು, ಸಂಜೆ ಉಂಡೆ ಸುತ್ತಲು ತಾವೇ ಬಂದು ಕೂತರು.

ಇನ್ನು ಪುಸ್ತಕ. ದಪ್ಪ ಕಾದಂಬರಿ ತೆರೆದಿಟ್ಟರೆ ಮುಚ್ಚಿಕೊಳ್ಳುತ್ತದೆ, ಎರಡೂ ಕಡೆ ಬಟ್ಟೆ ಕ್ಲಿಪ್ ಹಾಕಿ. ನಡುವೆ ಪಿನ್ ಹೊಡೆದ ಹಳೇ ವಾರಪತ್ರಿಕೆಗಳಾದರೆ ಆರಾಮ, ತೊಡೆ ಮೇಲೆ ಅಂಗಾತ ಬಿದ್ದಿರುತ್ತವೆ, ನಾನು ಧಾರಾವಾಹಿಗಳನ್ನೆಲ್ಲ ಮುಗಿಸಿದ್ದು ಹಾಗೆಯೇ. ಫೋನಲ್ಲಿ ಓದುವುದಾದರೆ ಅಕ್ಷರ ದೊಡ್ಡದು ಮಾಡಿ ಎದುರಿಗೆ ಒರಗಿಸಿಡಿ. ಮತ್ತೆ, ಪುಟ ತಿರುಗಿಸಲು ಸಾಲು ಮುಗಿಯುವ ತನಕ ಕಾಯಿರಿ, ನಡುವೆ ಕೈಬಿಟ್ಟರೆ ಕುಣಿಕೆಗಳು ಕಡ್ಡಿಯಿಂದ ಜಾರುತ್ತವೆ.