ಲಾಕಿಂಗ್ ಪ್ಲೈಯರ್ ಒತ್ತಲು ಕೈಬಲ ಕಡಿಮೆ ಸಾಕಾಗುವಂತೆ ಮಾಡುವುದು ಹೇಗೆ? ಹ್ಯಾಂಡಲ್ ಉದ್ದ ಮಾಡಿದರೆ ಆಯ್ತಾ?

ಪ್ರಶ್ನೆ ಕೇಳಿದವರು ಉಡುಪಿಯ ಡಿಪ್ಲೊಮಾ ಮೆಕ್ಯಾನಿಕಲ್ ವಿದ್ಯಾರ್ಥಿ. ಮಲ್ಪೆಯಲ್ಲಿ ಬೋಟ್ ರಿಪೇರಿಗೆ ವೆಲ್ಡಿಂಗ್ ಮಾಡುವ ಅವರ ಮಾವನಿಗೆ ದಿನವಿಡೀ ಗ್ರಿಪ್ ಪ್ಲೈಯರ್ (ಒತ್ತಿದರೆ ಲಾಕ್ ಆಗಿ, ಕೈ ಬಿಟ್ಟರೂ ಹಿಡಿದೇ ಇರುವ ಲಾಕಿಂಗ್ ಪ್ಲೈಯರ್) ಒತ್ತಿ ಒತ್ತಿ ಸಂಜೆಗೆ ಅಂಗೈ ನೋವು. ಅದಕ್ಕೇ ಕಡಿಮೆ ಬಲದಲ್ಲಿ ಲಾಕ್ ಆಗುವ ಪ್ಲೈಯರನ್ನೇ ಪ್ರಾಜೆಕ್ಟ್ ಮಾಡಬೇಕು ಅಂತ ಹೊರಟಿದ್ದಾರೆ, ಹ್ಯಾಂಡಲ್ ಎರಡು ಇಂಚು ಉದ್ದ ಮಾಡಿದರೆ ಸಾಕಲ್ವಾ ಎಂದು ಕೇಳಿದ್ದಾರೆ.

ಸಾಕಾಗುವುದಿಲ್ಲ ಮಾರಾಯ್ರೆ. ನಾನು ಮಂಗಳೂರಿನ ಬೈಕಂಪಾಡಿ ಕಡೆ ಫ್ಯಾಬ್ರಿಕೇಶನ್ ಮಾಡಿಕೊಂಡು ಇರುವವನು, ಈ ಟೂಲ್ ಇಲ್ಲದೆ ನಮ್ಮಲ್ಲಿ ಒಂದು ಗ್ರಿಲ್ ಕೂಡ ನಿಲ್ಲುವುದಿಲ್ಲ. ಹ್ಯಾಂಡಲ್ ಉದ್ದ ಮಾಡಿದರೆ ಲೆಕ್ಕದಲ್ಲಿ ಬಲ ಕಡಿಮೆ ಆಗುತ್ತದೆ ನಿಜ. ಆದರೆ ತಿರುಗುವ ಕೋನ ಅಷ್ಟೇ ಇರುವುದರಿಂದ ತುದಿಯಲ್ಲಿ ಎರಡು ಹ್ಯಾಂಡಲ್ ನಡುವಿನ ಅಂತರ ಜಾಸ್ತಿ ಆಗುತ್ತದೆ. ಕೈ ಅಷ್ಟು ಅಗಲಿಸಿದಾಗ ಬೆರಳಿಗೆ ಬಲವೇ ಇರುವುದಿಲ್ಲ. ಅದೂ ಅಲ್ಲದೆ ತುದಿಗೆ ಸಿಗುವುದು ಕಿರುಬೆರಳು, ಐದರಲ್ಲಿ ದುರ್ಬಲವಾದದ್ದು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡ ಹಾಗೆ.

ನನ್ನ ಪ್ರಕಾರ ನೀವು ಕೇಳಬೇಕಾದ ಪ್ರಶ್ನೆ ಬೇರೆ ಉಂಟು. ಹ್ಯಾಂಡಲ್ ಒತ್ತುವಾಗ ಬಲ ಎಲ್ಲಿ ಅತಿ ಜಾಸ್ತಿ ಬೇಕಾಗುತ್ತದೆ, ಆ ಹೊತ್ತಿಗೆ ಕೈ ಎಷ್ಟು ಅಗಲ ತೆರೆದಿರುತ್ತದೆ? ಕೈ ನೋಯಿಸುವುದು ಆ ಒಂದು ಜಾಗ, ಇಡೀ ಒತ್ತು ಅಲ್ಲ.

ಮೊದಲು ಒಳಗೆ ಎಂತ ಉಂಟು ನೋಡಿ. ಡೆನ್ಮಾರ್ಕ್‌ನಿಂದ ಅಮೆರಿಕಕ್ಕೆ ಹೋದ ವಿಲಿಯಂ ಪೀಟರ್ಸನ್ ಎಂಬ ಕಮ್ಮಾರ ನೆಬ್ರಾಸ್ಕಾದ ಡಿ ವಿಟ್ ಎಂಬ ಸಣ್ಣ ಊರಲ್ಲಿ ಇದನ್ನು ಮಾಡಿದ್ದು, ಲಾಕ್ ಆಗುವ ಹ್ಯಾಂಡಲ್‌ಗೆ 1924ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವೈಸ್ ಗ್ರಿಪ್. ನೂರು ವರ್ಷ ಆದರೂ ಮೂಲ ವ್ಯವಸ್ಥೆ ಬದಲಾಗಿಲ್ಲ. ಕೆಳಗಿನ ಬಾಯಿಗೆ (ಬಾಯಿ ಅಂದರೆ ವಸ್ತುವನ್ನು ಕಚ್ಚುವ ಭಾಗ) ಒಂದು ಪಿನ್‌ನಲ್ಲಿ ಕೆಳ ಹ್ಯಾಂಡಲ್ ಸೇರಿರುತ್ತದೆ. ಹ್ಯಾಂಡಲ್ ನಡುವೆ ಇನ್ನೊಂದು ಪಿನ್, ಅದರಿಂದ ಹೊರಟ ಲಿಂಕ್, ಅಂದರೆ ಸಣ್ಣ ಪಟ್ಟಿ, ಮೇಲಿನ ಹ್ಯಾಂಡಲ್ ಹಿಂದಿರುವ ಹೊಂದಿಸುವ ಸ್ಕ್ರೂ ತುದಿಗೆ ಹೋಗಿ ಒರಗುತ್ತದೆ. ಒತ್ತುತ್ತಾ ಹೋದ ಹಾಗೆ ಈ ಮೂರು ಬಿಂದು ಒಂದೇ ಗೆರೆಗೆ ಬರುತ್ತವೆ. ಗೆರೆ ದಾಟಿ ಸ್ವಲ್ಪ ಆಚೆ ಹೋಗಿ ನಿಂತರೆ ಲಾಕ್. ಸರಿಯಾಗಿ ಗೆರೆಗೆ ಬಂದ ಕ್ಷಣದಲ್ಲಿ, ಘರ್ಷಣೆ ಬಿಟ್ಟರೆ, ಹ್ಯಾಂಡಲ್‌ಗೆ ಬಲವೇ ಬೇಡ, ಬಾಯಿಯಲ್ಲಿ ಹಿಡಿತ ಎಷ್ಟೇ ಇದ್ದರೂ. ಹಾಗಾದರೆ ಕೈಗೆ ಭಾರ ಆಗುವುದು ಎಲ್ಲಿ? ಗೆರೆಗೆ ಬರುವ ಸ್ವಲ್ಪ ಮೊದಲು.

ಇಲ್ಲಿ ಸ್ವಲ್ಪ ಲೆಕ್ಕ ಉಂಟು, ಹೆದರಬೇಡಿ. ಗೆರೆಯ ಹತ್ತಿರ ಬಾಯಿ ಮುಚ್ಚುವ ಅಳತೆ ಗೆರೆಯಿಂದ ಅಳೆದ ಹ್ಯಾಂಡಲ್ ಕೋನದ ವರ್ಗಕ್ಕೆ (ಕೋನ × ಕೋನ) ತಕ್ಕ ಹಾಗೆ ಬದಲಾಗುತ್ತದೆ. ಬಾಯಿ ಮತ್ತು ಹಿಡಿದ ವಸ್ತು ಎರಡೂ ಸೇರಿ ಒಂದು ಗಟ್ಟಿ ಸ್ಪ್ರಿಂಗ್ ಅಂದುಕೊಂಡು ಲೆಕ್ಕ ಮಾಡಿದರೆ ಸಿಗುವುದು ಇದು: ಬಾಯಿ ವಸ್ತುವಿಗೆ ತಾಗಿದ ಕೋನದಿಂದ ಗೆರೆಯವರೆಗಿನ ದಾರಿಯಲ್ಲಿ ಸುಮಾರು 42 ಶೇಕಡ ಮುಗಿದಾಗ ಕೈಬಲ ತುತ್ತತುದಿಗೆ ಏರುತ್ತದೆ, ಆ ಹೊತ್ತಿಗೆ ಬಾಯಿಯ ಹಿಡಿತ ಕೊನೆಯ ಹಿಡಿತದ ಮೂರರಲ್ಲಿ ಎರಡು ಭಾಗ ಆಗಿರುತ್ತದೆ. ಅಲ್ಲಿಂದ ಮುಂದೆ ಹಿಡಿತ ಏರುತ್ತಲೇ ಇದ್ದರೂ ಕೈಗೆ ಹಗುರ. ಒತ್ತುವಾಗ ಒಮ್ಮೆ ಗಟ್ಟಿಯಾಗಿ, ಆಮೇಲೆ ಟಕ್ ಅಂತ ಕೂರುವ ಅನುಭವ ನಿಮಗೂ ಇರಬಹುದು, ಅದೇ ಇದು.

ಅದೇ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ, ನಿಮ್ಮ ಮಾವನಿಗೆ ಇವತ್ತೇ ಹೇಳಬಹುದು. ಕೊನೆಯ ಹಿಡಿತ ಎರಡು ಪಟ್ಟು ಮಾಡಿದರೆ ತುತ್ತತುದಿ ಕೈಬಲ ಎರಡು ಪಟ್ಟಲ್ಲ, ಸುಮಾರು 2.8 ಪಟ್ಟು ಆಗುತ್ತದೆ. ತಿರುಗಿಸಿ ಹೇಳಿದರೆ, ಹಿಡಿತ 30 ಶೇಕಡ ಬಿಟ್ಟುಕೊಟ್ಟರೆ ಕೈಬಲ 40 ಶೇಕಡ ಇಳಿಯುತ್ತದೆ. ನಮ್ಮ ಹುಡುಗರು ಸ್ಕ್ರೂವನ್ನು ಬೇಕಾದ್ದಕ್ಕಿಂತ ಅರ್ಧ ಸುತ್ತು ಜಾಸ್ತಿ ಬಿಗಿ ಮಾಡಿ ಎರಡೂ ಕೈಯಲ್ಲಿ ಒತ್ತುವುದನ್ನು ದಿನಾ ನೋಡುತ್ತೇನೆ. ಶೀಟ್ ಎರಡನ್ನು ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹಾಕುವವರೆಗೆ ಹಿಡಿದುಕೊಳ್ಳಲು ಅಷ್ಟು ಬೇಕೇ ಇಲ್ಲ. ತುಕ್ಕು ಹಿಡಿದ ಬೋಲ್ಟ್ ತಲೆ ತಿರುಗಿಸಲು ಬೇಕು, ಅದು ಬೇರೆ.

ಹ್ಯಾಂಡಲ್ ವಿಷಯಕ್ಕೆ ಒಂದು ಅಂದಾಜು ಲೆಕ್ಕ. ಕೊನೆಯ ಹಿಡಿತ 200 ಕೆಜಿ, ಬಾಯಿ ತಾಗಿದ ಮೇಲೆ ಒಟ್ಟು ಬಾಗುವುದು 1 ಮಿಮೀ ಅಂದುಕೊಳ್ಳಿ. ತುಂಬಬೇಕಾದ ಶಕ್ತಿ ಸುಮಾರು 1 ಜೂಲ್, ಅಂದರೆ ಎಂತ ದೊಡ್ಡದಲ್ಲ. ಇದನ್ನು ಹ್ಯಾಂಡಲ್ ತುದಿ 20 ಮಿಮೀ ಚಲಿಸುವಾಗ ತುಂಬಿದರೆ ಸರಾಸರಿ 5 ಕೆಜಿ ಬಲ, ತುತ್ತತುದಿ ಅದರ ಒಂದೂವರೆ ಪಟ್ಟು, ಸುಮಾರು 8 ಕೆಜಿ. ಅದೇ ಶಕ್ತಿಯನ್ನು 8 ಮಿಮೀ ಒಳಗೆ ತುಂಬಬೇಕಾಗಿ ಬಂದರೆ ತುತ್ತತುದಿ 19 ಕೆಜಿ ಹತ್ತಿರ. ಘರ್ಷಣೆ ಇದರ ಮೇಲೆ. ಹಾಗಾಗಿ ಡಿಸೈನ್ ಅಂದರೆ ಆ ಒಂದು ಜೂಲನ್ನು ಕೈಗೆ ಒಗ್ಗುವ ಅಗಲದಲ್ಲಿ, ಉದ್ದ ದಾರಿಯಲ್ಲಿ ಹರಡಿಸುವ ಕೆಲಸ.

ಹರಡಿಸಲು ಮುಖ್ಯ ದಾರಿ ಲಿಂಕ್ ಜಾಮಿತಿ. ಬಾಯಿಯ ಪಿನ್‌ನಿಂದ ಹ್ಯಾಂಡಲ್ ನಡುವಿನ ಪಿನ್‌ಗೆ ಇರುವ ದೂರ ಮತ್ತು ಲಿಂಕ್ ಉದ್ದ ಸಮ ಇರುವ ಒಂದು ವಿನ್ಯಾಸ ತೆಗೆದುಕೊಳ್ಳಿ. ಲಿಂಕ್ ಹಾಗೇ ಬಿಟ್ಟು ಪಿನ್ ದೂರವನ್ನು ಅರ್ಧ ಮಾಡಿದರೆ ತುತ್ತತುದಿ ಕೈಬಲ ಸುಮಾರು 40 ಶೇಕಡ ಇಳಿಯುತ್ತದೆ. ಬೆಲೆ ಏನು? ಒಂದೇ ಒತ್ತಿನಲ್ಲಿ ಬಾಯಿ ಮುಚ್ಚುವ ಅಳತೆ ಕಡಿಮೆ ಆಗುತ್ತದೆ, ಅಂದರೆ ದಪ್ಪ ಬದಲಾದಾಗೆಲ್ಲ ಸ್ಕ್ರೂ ಹೆಚ್ಚು ತಿರುಗಿಸಬೇಕು. ಜೊತೆಗೆ ಗೆರೆ ದಾಟಿ ನಿಲ್ಲುವ ಜಾಗದಲ್ಲಿ ಪಿನ್ ತೂತಿನ ಸಣ್ಣ ತಪ್ಪೂ ಕಾಣಿಸುತ್ತದೆ, ಡ್ರಿಲ್ ಮಾಡುವಾಗ ತೂತಿನ ಜಾಗ ತಪ್ಪದ ಹಾಗೆ ಹಿಡಿಯುವ ಜಿಗ್ ಬೇಕೇ ಬೇಕು. ನನಗೆ ಕೇಳಿದರೆ ಇಡೀ ಪ್ರಾಜೆಕ್ಟ್‌ನಲ್ಲಿ ರಸ ಇರುವುದು ಇಲ್ಲಿಯೇ.

ಬಾಯಿ ಗಟ್ಟಿಯಾದರೂ ಕೈಬಲ ಇಳಿಯುತ್ತದೆ. ಅದೇ ಹಿಡಿತಕ್ಕೆ ಬಾಯಿ, ವಸ್ತು ಸೇರಿದ ಗಟ್ಟಿತನ (ಬಾಗದೆ ಇರುವ ಗುಣ) ಎರಡು ಪಟ್ಟು ಮಾಡಿದರೆ ಸುಮಾರು 30 ಶೇಕಡ. ಆದರೆ ಜಾಗ್ರತೆ: ಬಾಯಿ ಸ್ವಲ್ಪ ಬಾಗುವುದರಿಂದಲೇ ವೆಲ್ಡಿಂಗ್ ಬಿಸಿಗೆ ಶೀಟ್ ಅಲ್ಲಾಡಿದರೂ ಹಿಡಿತ ಉಳಿಯುತ್ತದೆ. ಬಾಯಿಯನ್ನು ತೀರಾ ಗಟ್ಟಿ ಮಾಡಿದರೆ ಕೂದಲೆಳೆಯಷ್ಟು ಜಾಗ ಬಿಟ್ಟರೂ ಪ್ಲೈಯರ್ ಕೈಗೆ ಕಳಚಿ ಬರುತ್ತದೆ. ಹಾಗಾಗಿ ನಾನಾದರೆ ಬಾಯಿಯನ್ನು ಮುಟ್ಟುವುದಿಲ್ಲ. ಅಡಕತ್ತರಿಯಲ್ಲಿ ಅಡಿಕೆಯನ್ನು ಪಿನ್ ಹತ್ತಿರ ಇಡುವ ಹಾಗೆ, ವಸ್ತುವನ್ನು ಬಾಯಿಯ ಒಳಗೆ ದೂಡಿ ಹಿಡಿಯಿರಿ ಅಂತ ಹೇಳಿಕೊಟ್ಟರೆ ಸಾಕು, ಅರ್ಧ ಲಾಭ ಪುಕ್ಕಟೆ ಸಿಗುತ್ತದೆ.

ಇನ್ನು ಕೈ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 2004ರಲ್ಲಿ ಕೈ ಉಪಕರಣ ಆರಿಸುವ ಬಗ್ಗೆ ಒಂದು ಮಾರ್ಗದರ್ಶಿ ತಂದಿದೆ. ಬಲ ಬೇಕಾಗುವ ಎರಡು ಹ್ಯಾಂಡಲ್ ಟೂಲ್‌ಗಳಲ್ಲಿ ಮುಚ್ಚಿದಾಗ ಅಂತರ 2 ಇಂಚಿಗೆ ಕಡಿಮೆ ಬೇಡ, ಪೂರ್ತಿ ತೆರೆದಾಗ 3.5 ಇಂಚಿಗೆ ಜಾಸ್ತಿ ಬೇಡ ಎನ್ನುತ್ತದೆ. ಹ್ಯಾಂಡಲ್ ತುದಿ ಅಂಗೈ ನಡುವೆ ಚುಚ್ಚಬಾರದು, ಬೆರಳಿಗೆ ಗುಳಿ ಕೊರೆಯಬಾರದು ಅಂತಲೂ ಉಂಟು. ನಿಮ್ಮ ಮಾವನ ಪ್ಲೈಯರ್ ಬಾಯಿ ತೆರೆದು ಹ್ಯಾಂಡಲ್ ಅಂತರ ಸ್ಕೇಲ್ ಹಿಡಿದು ನೋಡಿ, 10 ಇಂಚಿನದು ಆದರೆ 3.5 ಇಂಚು ದಾಟಿದ್ದರೆ ಆಶ್ಚರ್ಯ ಪಡಬೇಡಿ. ತುತ್ತತುದಿ ಬಲ ಬೇಕಾಗುವ ಹೊತ್ತಿಗೆ ಅಂತರ 2ರಿಂದ 2.5 ಇಂಚಿನ ಒಳಗೆ ಬರುವ ಹಾಗೆ ಕೆಳ ಹ್ಯಾಂಡಲ್ ಬಾಗಿಸಿದರೆ, ಒಂದು ಪಿನ್ ಕೂಡ ಬದಲಿಸದೆ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಮೇಲೆ ರಬ್ಬರ್ ತೋಳು ಹಾಕುವ ಆಸೆ ಬೇಡ, ವೆಲ್ಡಿಂಗ್ ಕಿಡಿಗೆ ಅದು ಹೊಗೆಯಾಗುತ್ತದೆ. ಅಂಚನ್ನು ದುಂಡಗೆ ಗ್ರೈಂಡ್ ಮಾಡಿದರೆ ಸಾಕು.

ಲಾಕ್ ಬಿಡಿಸುವ ಲಿವರ್ ಮರೆಯಬೇಡಿ. ಎಲ್ಲರೂ ಒತ್ತುವ ಬಲ ಅಳೆಯುತ್ತಾರೆ, ಬಿಡಿಸುವಾಗಿನದು ಯಾರೂ ಅಳೆಯುವುದಿಲ್ಲ. ಗೆರೆ ದಾಟಿ ಜಾಸ್ತಿ ಆಳಕ್ಕೆ ಹೋದಷ್ಟು ಬಿಡಿಸಲು ಕಷ್ಟ, ಮತ್ತೆ ತುಂಬಿದ ಶಕ್ತಿ ಒಮ್ಮೆಲೇ ಹೊರಬಂದು ಹ್ಯಾಂಡಲ್ ಬೆರಳಿಗೆ ಬಡಿಯುತ್ತದೆ. ಗೆರೆ ದಾಟಿದ ಮೇಲೆ ತಡೆದು ನಿಲ್ಲಿಸುವ ಜಾಗವನ್ನು ಅರದಿಂದ ಉಜ್ಜದೆ, ಅದಕ್ಕೊಂದು ಸಣ್ಣ ಹೊಂದಾಣಿಕೆ ಸ್ಕ್ರೂ ಕೊಡಿ, ಪ್ರಯೋಗ ಮಾಡಲೂ ಸುಲಭ.

ಸ್ಕ್ರೂ ಬದಲಿಗೆ ವಸ್ತುವಿನ ದಪ್ಪಕ್ಕೆ ತಾನೇ ಹೊಂದಿಕೊಳ್ಳುವ ಪ್ಲೈಯರ್‌ಗಳೂ ಬಂದಿವೆ, ಅದರಲ್ಲಿ ಸ್ಕ್ರೂ ಹಿಡಿತ ಎಷ್ಟು ಬೇಕು ಅಂತ ಮಾತ್ರ ಹೇಳುತ್ತದೆ. ಉಪಾಯ ಚೆನ್ನಾಗಿದೆ, ಆದರೆ ದಪ್ಪಕ್ಕೆ ಹೊಂದಿಸುವ ಒಳಗಿನ ಬೆಣೆ ಧೂಳು, ಕಿಡಿ ತಿಂದು ಜಾರಲು ಶುರು ಮಾಡಿದರೆ ತಲೆನೋವು. ಡಿಪ್ಲೊಮಾ ಪ್ರಾಜೆಕ್ಟ್‌ಗೆ ಬೇಡ. ಬೇಕಾದರೆ ಪಿವಿಸಿ ಪೈಪ್ ಕಟರ್ ಹಾಗೆ ರಾಚೆಟ್ (ಹಿಂದಕ್ಕೆ ಜಾರದ ಹಲ್ಲು) ಇಟ್ಟು ಸಣ್ಣ ಸಣ್ಣ ನಾಲ್ಕು ಒತ್ತಿನಲ್ಲಿ ಮುಗಿಸುವುದನ್ನು ಯೋಚಿಸಬಹುದು. ನಿಧಾನ, ಆದರೆ ಕೈಬಲ ಕಡಿಮೆ ಇರುವವರಿಗೆ ಒಳ್ಳೆಯದು. ನಮ್ಮ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಯಂತ್ರಕ್ಕೆ ಪೆಡಲ್ ಇರುವುದು ನೋಡಿದ್ದೀರಲ್ವಾ, ಕೈಗೆ ಕಷ್ಟದ ಕೆಲಸವನ್ನು ಕಾಲಿಗೆ ಹೊರಿಸಿದ್ದಾರೆ. ಒಂದೇ ಮೇಜಿನ ಮೇಲೆ ಒಂದೇ ಕೆಲಸ ಆದರೆ ಆ ದಾರಿಯೂ ಉಂಟು, ಬೋಟ್ ಒಳಗೆ ಹೊಕ್ಕು ಮಾಡುವ ಕೆಲಸಕ್ಕೆ ಆಗುವುದಿಲ್ಲ.

ಘರ್ಷಣೆ ಮಾತ್ರ ನಮ್ಮ ಊರಿನ ವಿಶೇಷ. ಗೆರೆಯ ಹತ್ತಿರ ಪಿನ್‌ಗಳ ಮೇಲೆ ಬಲ ಅತಿ ಜಾಸ್ತಿ, ಉಪ್ಪು ಗಾಳಿಗೆ ಅಲ್ಲೇ ತುಕ್ಕು. ಮಳೆಗಾಲದಲ್ಲಿ ಒಂದು ವಾರ ಮೂಲೆಯಲ್ಲಿ ಬಿದ್ದ ಪ್ಲೈಯರ್ ತೆಗೆದು ಒತ್ತಿ ನೋಡಿ, ನಿಮ್ಮ ಎಲ್ಲ ಜಾಮಿತಿ ನೀರುಪಾಲು. ಪಿನ್ ಸಣ್ಣದಾದರೆ ಘರ್ಷಣೆ ಕಡಿಮೆ, ಆದರೆ ಕತ್ತರಿಸಿಕೊಳ್ಳುವ ಭಯ. ಆದ್ದರಿಂದ ಪಿನ್ ಗಾತ್ರ ಹಾಗೇ ಇರಲಿ, ಗಟ್ಟಿ ಉಕ್ಕಿನದಾಗಲಿ, ತೂತಿಗೆ ಕಂಚಿನ ಬುಶ್ (ಒಳಗೆ ಕೂರುವ ಸಣ್ಣ ಕೊಳವೆ) ಹಾಕಲು ಜಾಗ ಇದ್ದರೆ ಹಾಕಿ, ಗ್ರೀಸ್ ಅಂತೂ ತಪ್ಪಿಸಬೇಡಿ.

ಮಾಡುವ ಕ್ರಮಕ್ಕೆ ಬಂದರೆ, ಬಾಯಿ ಫೋರ್ಜ್ ಮಾಡಲು ಹೋಗಬೇಡಿ, ದುಡ್ಡೂ ಸಮಯವೂ ದಂಡ. ಒಂದೇ ಕಂಪನಿಯ ಒಂದೇ ಸೈಜಿನ ಎರಡು ಪ್ಲೈಯರ್ ತನ್ನಿ. ಒಂದರ ರಿವೆಟ್ ಕೊರೆದು ತೆಗೆದು, ಹೊಸ ಲಿಂಕ್, ಹೊಸ ಹ್ಯಾಂಡಲ್ ಮಾತ್ರ ಮಾಡಿ, ರಿವೆಟ್ ಬದಲು ಬೋಲ್ಟ್ ಹಾಕಿದರೆ ಬೇಕಾದಾಗ ಬಿಚ್ಚಬಹುದು. ಇನ್ನೊಂದು ಮುಟ್ಟದೆ ಇರಲಿ, ಹೋಲಿಸಲು. ಬಾಯಿ ನಡುವೆ ಬಲ ಅಳೆಯುವ ಸಣ್ಣ ಲೋಡ್ ಸೆಲ್ ಇಡಿ, ಅದರ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡ್‌ಗೆ ಜೋಡಿಸಿದರೆ ಹಿಡಿತ ಓದಬಹುದು. ಮೇಲಿನ ಹ್ಯಾಂಡಲ್ ಬೆಂಚ್ ವೈಸ್‌ನಲ್ಲಿ ಕಟ್ಟಿ, ಕೆಳ ಹ್ಯಾಂಡಲ್‌ಗೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ, ತುದಿಯಿಂದಲ್ಲ, ನಡುಬೆರಳು ಬರುವ ಜಾಗದಿಂದ ಎಳೆಯಿರಿ. ಎಳೆಯುವಾಗ ಪ್ರತಿ 2 ಮಿಮೀಗೆ ಬಲ ಬರೆದುಕೊಳ್ಳಿ, ಎರಡೂ ಪ್ಲೈಯರ್‌ನಲ್ಲಿ ಕೊನೆಯ ಹಿಡಿತ ಒಂದೇ ಇರುವ ಹಾಗೆ ಸ್ಕ್ರೂ ಹೊಂದಿಸಿ. ಹಾಗೆ ಮಾಡದೆ ಹೋಲಿಸಿದರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಲೋಡ್ ಸೆಲ್ ಮೇಲೆ ತೆಳು ಉಕ್ಕಿನ ತಟ್ಟೆ ಇಟ್ಟುಕೊಳ್ಳಿ, ಬಾಯಿಯ ಹಲ್ಲು ನೇರ ಸೆಲ್‌ಗೆ ಕಚ್ಚಿದರೆ ಹಾಳಾಗುತ್ತದೆ.