ಎಲ್ಲವನ್ನೂ ಅರ್ಧ ಮಾಡಬೇಡಿ, ಯಾವುದನ್ನು ಅಳೆಯಬೇಕೋ ಅದನ್ನಷ್ಟೇ ಅಳೆಯಿರಿ

ತಟ್ಟೆಯಲ್ಲಿದ್ದದ್ದನ್ನೆಲ್ಲ ಅರ್ಧಕ್ಕೆ ಇಳಿಸಿದ್ದೀರಿ, ಆದರೂ ತೂಕ ಇಳಿಯುತ್ತಿಲ್ಲ, ರಾತ್ರಿ ಹಸಿವು ತಡೆಯದೆ ತಿಂಡಿ ಡಬ್ಬಿಗೆ ಕೈ ಹೋಗುತ್ತದೆ ಅಂತ ಕೇಳಿದ್ದೀರಿ. ಮನಸ್ಸು ಗಟ್ಟಿ ಇಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಎಲ್ಲವನ್ನೂ ಅರ್ಧ ಮಾಡಿದರೆ ಯಾರಿಗಾದರೂ ಹಾಗೇ ಆಗುತ್ತದೆ.

ನಾನೂ ಪ್ರಮಾಣ ನೋಡಿಕೊಂಡೇ ತೂಕ ಇಳಿಸಿದವನು. ನಾನು ಹಿಡಿದ ಲೆಕ್ಕ ಸರಳ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ, ಪಿಷ್ಟ ಮತ್ತು ಪ್ರೋಟೀನಿನಲ್ಲಿ ಸುಮಾರು 4, ನೀರಿನಲ್ಲಿ ಸೊನ್ನೆ. ಆದರೆ ಹೊಟ್ಟೆ ತುಂಬಿತು ಅನ್ನಿಸುವುದಕ್ಕೆ ಊಟದ ಗಾತ್ರವೂ ಬೇಕು. 100 ಗ್ರಾಂ ಸೌತೆಕಾಯಿಯಲ್ಲಿ 15 ಕ್ಯಾಲರಿ ಇದ್ದರೆ ಹೆಚ್ಚು. ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ 570ರ ಆಸುಪಾಸು. ಇವೆರಡನ್ನೂ ಒಂದೇ ಸಮ ಕಡಿತ ಮಾಡುವುದು ಯಾವ ನ್ಯಾಯ, ಅಲ್ವಾ? ಹಾಗಾಗಿ ತರಕಾರಿಯನ್ನು ಮೊದಲಿದ್ದಷ್ಟೇ ಇಡಿ, ಬೇಕಾದರೆ ಜಾಸ್ತಿಯೇ ಹಾಕಿಕೊಳ್ಳಿ. ಬೇಳೆ, ಮೊಟ್ಟೆಯಂಥ ಪ್ರೋಟೀನಿಗೂ ಕತ್ತರಿ ಬೇಡ, ಹಸಿವನ್ನು ಹೆಚ್ಚು ಹೊತ್ತು ತಡೆಯುವುದು ಅದೇ. ಅಳತೆ ಬೇಕಾದದ್ದು ಎಣ್ಣೆ, ಬೆಣ್ಣೆ, ಸಕ್ಕರೆ, ಬೀಜಗಳು, ಕರಿದ ತಿಂಡಿಗೆ.

ಅದರಲ್ಲೂ ಎಣ್ಣೆ. ಬಾಟಲಿ ಬಗ್ಗಿಸಿ ಬಾಣಲೆಗೆ ಸುಮ್ನೆ ಒಂದು ಸುತ್ತು ಸುರಿಯುತ್ತೇವೆ, ಎಷ್ಟು ಬಿತ್ತು ಅಂತ ಯಾರು ನೋಡುತ್ತಾರೆ? ಒಂದು ದೊಡ್ಡ ಚಮಚ, ಅಂದರೆ 15 ಮಿಲಿ, ಸುಮಾರು 120 ಕ್ಯಾಲರಿ. ಒಮ್ಮೆ ಎಂದಿನ ಹಾಗೇ ಖಾಲಿ ಲೋಟಕ್ಕೆ ಸುರಿದು, ಆಮೇಲೆ ಚಮಚದಲ್ಲಿ ಅಳೆದು ನೋಡಿ. ಬೇರೆ ಯಾರ ಉಪದೇಶವೂ ಬೇಕಾಗಲ್ಲ.

ಕಣ್ಣಳತೆ ನಂಬುವ ಹಾಗಿಲ್ಲ. ಎಷ್ಟೇ ಕಡಿಮೆ ತಿಂದರೂ ತೂಕ ಇಳಿಯಲ್ಲ ಅನ್ನುತ್ತಿದ್ದವರನ್ನು 1992ರಲ್ಲಿ ಅಮೆರಿಕದ ಸಂಶೋಧಕರು ಪರೀಕ್ಷಿಸಿದರು. ಅವರು ಬರೆದುಕೊಟ್ಟ ಲೆಕ್ಕ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಇತ್ತು. ಸುಳ್ಳು ಹೇಳಿದರು ಅಂತಲ್ಲ, ಅಂದಾಜೇ ಹಾಗೆ. ಅದಕ್ಕೇ ಅಡುಗೆಮನೆಯ ಚಿಕ್ಕ ತಕ್ಕಡಿ ಕೆಲವು ವಾರವಾದರೂ ಇರಲಿ. ಅಕ್ಕಿ ತೂಗುವಾಗ ಒಂದು ಎಚ್ಚರ: 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ, 100 ಗ್ರಾಂ ಅನ್ನದಲ್ಲಿ 130. ಬೇಯುವಾಗ ಅಕ್ಕಿ ನೀರು ಕುಡಿದು ತೂಕ ಹೆಚ್ಚಿರುತ್ತದೆ, ಅಷ್ಟೇ. ಕ್ಯಾಲರಿ ಲೆಕ್ಕ ಇಡುವ ಆ್ಯಪ್‌ನಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದರೆ ದಿನದ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ.

ಇನ್ನು ಬಡಿಸಿಕೊಳ್ಳುವುದು. 2002ರಲ್ಲಿ ಅಮೆರಿಕದ ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು ಒಂದೇ ಅಡುಗೆಯನ್ನು ಒಂದೊಂದು ದಿನ ಒಂದೊಂದು ಪ್ರಮಾಣದಲ್ಲಿ ಕೊಟ್ಟರು, 500 ಗ್ರಾಂನಿಂದ 1,000 ಗ್ರಾಂವರೆಗೆ. ಎಲ್ಲಕ್ಕಿಂತ ಹೆಚ್ಚು ಬಡಿಸಿದ ದಿನ ಜನ ಎಲ್ಲಕ್ಕಿಂತ ಕಡಿಮೆ ಬಡಿಸಿದ ದಿನಕ್ಕಿಂತ ಸುಮಾರು 30% ಜಾಸ್ತಿ ತಿಂದರು. ಅಂದರೆ ಎಷ್ಟು ತಿನ್ನುತ್ತೇವೆ ಅನ್ನುವುದು ಅರ್ಧ ತೀರ್ಮಾನವಾಗುವುದು ಬಡಿಸುವಾಗಲೇ. ಒಂದೇ ಸಲ ಬಡಿಸಿಕೊಂಡು ಪಾತ್ರೆಯನ್ನು ಒಳಗಿಟ್ಟು ಬನ್ನಿ. ಪೊಟ್ಟಣದಿಂದ ನೇರ ತಿನ್ನಬೇಡಿ, ಬಟ್ಟಲಿಗೆ ಹಾಕಿಕೊಳ್ಳಿ. ಚಿಕ್ಕ ತಟ್ಟೆ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಪರೀಕ್ಷೆಗಳಲ್ಲೂ ಫಲಿತಾಂಶ ಒಂದೇ ಥರ ಬಂದಿಲ್ಲ. ಎರಡನೇ ಸಲ ಬಡಿಸಿಕೊಂಡರೆ ತಟ್ಟೆ ಎಷ್ಟು ಚಿಕ್ಕದಿದ್ದು ಏನು ಬಂತು? ಮಕ್ಕಳು ಬಿಟ್ಟದ್ದು ಹಾಳಾಗುತ್ತದಲ್ಲ ಅಂತ ಬಾಯಿಗೆ ಹಾಕಿಕೊಳ್ಳುವುದೂ ಊಟವೇ, ಅದೂ ಲೆಕ್ಕಕ್ಕೆ ಬರಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರನ್ನು ಕೇಳಿ, ಸಕ್ಕರೆ ಮಟ್ಟ ದಿಢೀರ್ ಇಳಿಯಬಹುದು.

ಒಂದಷ್ಟು ಇಳಿದ ಮೇಲೆ ತೂಕ ಮತ್ತೆ ನಿಂತರೆ ಗಾಬರಿ ಬೇಡ. ಮೈ ಹಗುರಾದ ಹಾಗೆ ಅದಕ್ಕೆ ಬೇಕಾದ ಕ್ಯಾಲರಿಯೂ ಕಡಿಮೆಯಾಗುತ್ತದೆ, ಹಳೇ ಪ್ರಮಾಣ ಈಗ ಸರಿಸಮಕ್ಕೆ ಬಂದಿರುತ್ತದೆ. ಇನ್ನೂ ಇಳಿಸಬೇಕಿದ್ದರೆ ಆಗಲೂ ಮೊದಲು ಕೈ ಹಾಕಬೇಕಾದದ್ದು ಎಣ್ಣೆ ಚಮಚಕ್ಕೇ, ತರಕಾರಿಗಲ್ಲ.